ಅಂಕಿತವೂ ಕರಾರೂ: ಕನ್ನಡ ರಾಕ್ ತಂಡಗಳ ಮುದ್ರಿಕೆಗಳನ್ನು ಸೊಲ್ಲಾಪುರದಲ್ಲಿ ಕೇಳುವಾಗ

ಬೆಂಗಳೂರಿನ ‘ಸ್ವರಾತ್ಮ’ ತಂಡದ ಎರಡನೆಯ ಆಲ್ಬಮ್ ‘ಟೋಪಿವಾಲೆ’ 2012ರಲ್ಲಿ ಇಎಂಐ ಸಂಸ್ಥೆಯ ಮೂಲಕ ಹೊರಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಎಂಐಯ ಧ್ವನಿಮುದ್ರಣ ವ್ಯವಹಾರವೇ ಯೂನಿವರ್ಸಲ್ ಮ್ಯೂಸಿಕ್ ಸಂಸ್ಥೆಗೆ ಮಾರಾಟವಾಯಿತು. ಮರುವರ್ಷ ಅದರ ಒಂದು ಭಾಗ ವಾರ್ನರ್ ಸಂಸ್ಥೆಯ ಪಾಲಾಯಿತು. ಲಂಡನ್ನಿನಲ್ಲಿ ನಡೆದ ಈ ವ್ಯವಹಾರದಲ್ಲಿ ಬೆಂಗಳೂರಿನ ಒಂದು ತಂಡದ ಎರಡು ಆಲ್ಬಮ್ಮುಗಳು ಎಷ್ಟು ಚಿಕ್ಕ ಬಾಬತ್ತು ಎಂಬುದನ್ನು ಯಾರೂ ಲೆಕ್ಕ ಹಾಕಿರಲಾರರು. ಸ್ವರಾತ್ಮದ ಮೂರನೆಯ ಆಲ್ಬಮ್ ‘ರಾಹ್-ಎ-ಫಕೀರಾ’ ಬರುವ ಹೊತ್ತಿಗೆ 2018 ಆಗಿತ್ತು. ಕಂಪನಿ ಕೈಬದಲಾದಾಗ ತಂಡದ ಗತಿಯೇನು ಎಂಬುದು ಸಂಗೀತ ಪತ್ರಿಕೋದ್ಯಮ ಮತ್ತೆಮತ್ತೆ ಕೇಳುವ ಪ್ರಶ್ನೆ. ತಂಡದ ಗತಿ ಅಷ್ಟೇನೂ ಕೆಡುವುದಿಲ್ಲ. ವೇದಿಕೆಯಿದೆ, ಕಾಲೇಜು ಉತ್ಸವಗಳಿವೆ, ಕಾರ್ಯಕ್ರಮದ ಸಂಭಾವನೆಯಿದೆ. ಕೆಡುವುದು ಮುದ್ರಿಕೆಯ ಗತಿ. ಹಾಡಿದವರು ಹಾಡುತ್ತಲೇ ಇರುತ್ತಾರೆ, ಹಾಡಿದ್ದು ಮಾತ್ರ ಇನ್ನೊಬ್ಬರ ಪಟ್ಟಿಯ ಒಂದು ಸಾಲಾಗಿ ಕುಳಿತಿರುತ್ತದೆ.

ಈ ಭೇದವನ್ನು ಬೆಂಗಳೂರಿಗಿಂತ ಸೊಲ್ಲಾಪುರ, ಅಕ್ಕಲಕೋಟಗಳ ಕಡೆಯಿಂದ ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯ ಭಜನಾಮೇಳಗಳು ಕಡಕೋಳ ಮಡಿವಾಳಪ್ಪನ ಪದವನ್ನೂ ಶಿಶುನಾಳ ಶರೀಫರ ಪದವನ್ನೂ ಯಾವ ಕಂಪನಿಯ ಕರಾರೂ ಇಲ್ಲದೆ ತಲೆಮಾರುಗಳಿಂದ ಹಾಡಿಕೊಂಡು ಬಂದಿವೆ. ಅದೇ ಶರೀಫರ ಪದ ಗಿಟಾರು, ಡ್ರಮ್ಮುಗಳ ಜೊತೆ ಮುದ್ರಿತವಾಗಲು ಮಾತ್ರ ಮುಂಬಯಿಯ ಬಾಗಿಲು ಕಾಯಬೇಕಾಯಿತು. ಒಂದೇ ಪದ ಏಕತಾರಿ, ದಮ್ಮಡಿಗಳ ಜೊತೆ ಯಾರ ಸೊತ್ತೂ ಆಗದೆ ಉಳಿದು, ಸ್ಟುಡಿಯೋದೊಳಗೆ ಹೋಗಿ ಬಂದ ಕೂಡಲೆ ಒಡೆಯನನ್ನು ಪಡೆಯುತ್ತದೆ. ಆ ಒಡೆಯ ಇಲ್ಲವಾದರೆ ಮುದ್ರಿಕೆ ಅನಾಥವಾಗುತ್ತದೆ, ಪದ ಅನಾಥವಾಗುವುದಿಲ್ಲ. ಸ್ವರಾತ್ಮ ಮತ್ತು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡಗಳ ಧ್ವನಿಮುದ್ರಣಗಳನ್ನು ಈ ನೆಲೆಯಿಂದ ಪರಿಶೀಲಿಸಿದವರು ವಿರಳ.

ರಘು ದೀಕ್ಷಿತರ ಕಥೆ ಸ್ವರಾತ್ಮದ್ದಕ್ಕೆ ತಿರುವುಮುರುವಾದದ್ದು. (ಸ್ವರಾತ್ಮದ ಮುಖ್ಯ ಗಾಯಕ ವಾಸು ದೀಕ್ಷಿತ್ ಅವರ ತಮ್ಮ.) ಒಬ್ಬರಿಗೆ ಕಂಪನಿ ಸಿಕ್ಕಿ ಆಮೇಲೆ ಕಂಪನಿಯೇ ಇಲ್ಲವಾಯಿತು, ಇನ್ನೊಬ್ಬರಿಗೆ ಬಹುಕಾಲ ಕಂಪನಿಯೇ ಸಿಗಲಿಲ್ಲ. ರಘು ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ‘ಅಂತರಾಗ್ನಿ’ ಎಂಬ ಅವರ ಮೊದಲ ತಂಡ ಚದುರಿತು. ದೊಡ್ಡ ಕಂಪನಿಗಳು ವರ್ಷಗಟ್ಟಲೆ ನಿರಾಕರಿಸಿದ ಮೇಲೆ, 2008ರಲ್ಲಿ ಹಿಂದಿ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರವ್ಜಿಯಾನಿ ತಾವೇ ಒಂದು ಲೇಬಲ್ ಕಟ್ಟಿ ಮೊದಲ ಆಲ್ಬಮ್ಮನ್ನು ಪ್ರಕಟಿಸಿದರು. ಆ ಆಲ್ಬಮ್ಮಿನಲ್ಲಿ ‘ಐಯಾಮ್ ಇನ್ ಮುಂಬೈ ವೇಟಿಂಗ್ ಫಾರ್ ಎ ಮಿರಕಲ್’ ಎಂಬ ಶೀರ್ಷಿಕೆಯ ಇಂಗ್ಲಿಷ್ ಹಾಡೊಂದಿದೆ. ಪವಾಡಕ್ಕಾಗಿ ಮುಂಬಯಿಯಲ್ಲಿ ಕಾಯುವುದು ಎಂದರೇನೆಂಬುದನ್ನು ಶೀರ್ಷಿಕೆಯೇ ಹೇಳಿಬಿಡುವುದರಿಂದ ವಿಮರ್ಶಕನಿಗೆ ಕೆಲಸ ಕಡಿಮೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಬಳಿಕ ಅದೇ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ‘ವಿಶ್ವಸಂಗೀತ’ ಪಟ್ಟಿಯ ಮೇಲ್ತುದಿಗೆ ಏರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿಯೂ ಬಂತು. ಆಗಲೂ ಮುಂದಿನ ಆಲ್ಬಮ್ ‘ಜಗ್ ಚಂಗಾ’ ಬರಲು 2013 ಆಗಬೇಕಾಯಿತು.

ಬೆಂಗಳೂರಿನಲ್ಲಿ ಕಂಪನಿಗಳಿರಲಿಲ್ಲವೆ? ಇದ್ದವು. 1987ರ ‘ಪ್ರೇಮಲೋಕ’ದ ಧ್ವನಿಸುರುಳಿಗಳಿಂದ ಮನೆಮಾತಾದ ಲಹರಿ ಇತ್ತು, ಭಾವಗೀತೆ, ಭಕ್ತಿಗೀತೆಗಳ ಸಂಗೀತಾ ಇತ್ತು. ಅವುಗಳ ಬೆನ್ನೆಲುಬು ಚಿತ್ರಗೀತೆ, ಆಮೇಲೆ ಭಕ್ತಿಗೀತೆ, ಅದರಾಚೆಗೆ ಭಾವಗೀತೆ ಮತ್ತು ಜನಪದಗೀತೆ. ತಾನೇ ಬರೆದು, ತಾನೇ ಸ್ವರ ಹಾಕಿ, ತಾನೇ ನುಡಿಸಿ ಹಾಡುವ ತಂಡವೆಂಬ ಘಟಕಕ್ಕೆ ಆ ವಿಂಗಡಣೆಯಲ್ಲಿ ಮನೆಯಿರಲಿಲ್ಲ. ಹೀಗಾಗಿ ಕನ್ನಡ ಹಾಡುವ ರಾಕ್ ತಂಡ ತನ್ನ ಪ್ರಕಾಶಕನನ್ನು ಮಹಾರಾಷ್ಟ್ರದ ರಾಜಧಾನಿಯಲ್ಲಿ ಹುಡುಕಿತು. ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಇದರಲ್ಲಿ ವಿಶೇಷವೇನೂ ಕಾಣಲಾರದು. ಅವರ ಮಕ್ಕಳ ಕನ್ನಡ ಪಠ್ಯಪುಸ್ತಕವೂ ಪುಣೆಯ ಬಾಲಭಾರತಿಯಿಂದಲೇ ಅಚ್ಚಾಗಿ ಬರುತ್ತದೆ. ಭಾಷೆ ಒಂದು ರಾಜ್ಯದ್ದು, ಅದನ್ನು ಅಚ್ಚುಹಾಕುವ ಅಧಿಕಾರ ಇನ್ನೊಂದು ರಾಜ್ಯದ್ದು ಎಂಬ ಸ್ಥಿತಿ ಇಲ್ಲಿ 1956ರಿಂದಲೂ ನಿತ್ಯದ ಅನುಭವ. ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟದ ಬಗ್ಗೆ ಶಿಫಾರಸು ಮಾಡಿದ ಮೇಲೂ ಅದು ಬದಲಾಗಿಲ್ಲ.

ಮುಂಬಯಿಯ ಬಾಗಿಲು ತೆರೆಯುವ ಮೊದಲು ಹಾಡಿನ ಭಾಷೆಯ ಬಗ್ಗೆ ಒಂದು ತೆರನ ಒಪ್ಪಂದ ನಡೆದುಹೋಗಿರುತ್ತದೆ. ಅದು ಕಾಗದದ ಮೇಲೆ ಬರೆದಿರುವುದಿಲ್ಲ. ರಘು ಅವರ ಮೊದಲ ಆಲ್ಬಮ್ಮಿನಲ್ಲಿ ಪ್ರೇಮ, ವಿರಹ, ಕಿಟಕಿಯಾಚೆಯ ಜಗತ್ತು, ಮೈಸೂರಿನ ಹುಡುಗಿ, ದೇವರೊಡನೆ ಜಗಳ ಎಲ್ಲವೂ ಹಿಂದಿಯಲ್ಲಿವೆ. ಸ್ವಂತದ ತಳಮಳ ಒಂದೆರಡು ಕಡೆ ಇಂಗ್ಲಿಷಿನಲ್ಲಿದೆ. ಕನ್ನಡದ ಪಾಲಿಗೆ ಬಂದದ್ದು ಶರೀಫರು: ‘ಗುಡುಗುಡಿಯ ಸೇದಿ ನೋಡೊ’, ‘ಸೋರುತಿಹುದು ಮನಿಯ ಮಾಳಿಗಿ’. ಈ ಎರಡನ್ನೂ ತಂಡ ಹಾಡಿದ ರೀತಿ ಚೆನ್ನಾಗಿದೆ. ಗಿಟಾರಿನ ಮೀಟು ಪದದ ಒಳಲಯವನ್ನು ಹಿಡಿದಿದೆ. ಗಂಟಲು ತೆರೆದು ಹಾಡುವ ರಘು ಅವರ ಕ್ರಮ, ಸಿ. ಅಶ್ವತ್ಥ್ ಅವರ ಧ್ವನಿಸುರುಳಿಗಳಿಂದ ಮತ್ತು 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಪಟ್ಟಣದ ಕಿವಿಗೆ ಅಭ್ಯಾಸವಾಗಿದ್ದ ಶರೀಫರಿಗಿಂತ ಬೇರೆಯಾಗಿದೆ. ತೊಡಕಿರುವುದು ಹಾಡಿಕೆಯಲ್ಲಲ್ಲ, ಹಂಚಿಕೆಯಲ್ಲಿ. ಇಂದಿನ ಮನುಷ್ಯ ಮಾತಾಡುವಾಗ ಹಿಂದಿ ಅಥವಾ ಇಂಗ್ಲಿಷ್, ಹತ್ತೊಂಬತ್ತನೆಯ ಶತಮಾನದ ಸಂತ ಮಾತಾಡುವಾಗ ಕನ್ನಡ ಎಂಬ ಹಂಚಿಕೆ ಅದು. ಹೊರಗಿನ ಕೇಳುಗನಿಗೆ ಕನ್ನಡವೆಂದರೆ ಹಳೆಯ ವಿವೇಕದ, ಅರ್ಥ ತಿಳಿಯದಿದ್ದರೂ ನಡೆಯುವ, ಮಣ್ಣಿನ ವಾಸನೆಯ ನುಡಿ ಎಂದಾಗುತ್ತದೆ. ‘ವಿಶ್ವಸಂಗೀತ’ ಎಂಬ ಕಪಾಟು ಅಪೇಕ್ಷಿಸುವುದೂ ಅದನ್ನೇ.

ಸೊಲ್ಲಾಪುರದ ಓದುಗನಿಗೆ ಈ ಹಂಚಿಕೆ ತೀರ ಪರಿಚಿತವಾದದ್ದು. ಸಿದ್ಧೇಶ್ವರನ ಗುಡಿಯಲ್ಲಿ, ಮನೆಯ ದೇವರ ಕೋಣೆಯಲ್ಲಿ, ಸಾವಿನ ಮನೆಯ ರಾತ್ರಿಯ ಭಜನೆಯಲ್ಲಿ ಕನ್ನಡ. ತಹಸೀಲ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ನೌಕರಿಯ ಅರ್ಜಿಯಲ್ಲಿ ಮರಾಠಿ. ಈ ವಿಭಜನೆಯನ್ನು ಗಡಿಯ ರಾಜಕಾರಣ ಮಾಡಿತು ಎಂದು ಹೇಳುವುದು ಸುಲಭ. ಅಂಥ ಗಡಿಯೇನೂ ಇಲ್ಲದ ಬೆಂಗಳೂರಿನ ತಂಡವೊಂದು ಮಾರುಕಟ್ಟೆಯ ಒತ್ತಾಯಕ್ಕೆ ಅದೇ ವಿಭಜನೆಯನ್ನು ತನ್ನ ಆಲ್ಬಮ್ಮಿನೊಳಗೆ ಮಾಡಿಕೊಂಡದ್ದನ್ನು ನೋಡಿದರೆ, ಭಾಷೆಯೊಂದು ಪೂಜೆಯ ಮೂಲೆಗೆ ಸರಿಯಲು ರಾಜ್ಯದ ಗಡಿಯೇ ಬೇಕಾಗಿಲ್ಲ ಎಂದು ತೋರುತ್ತದೆ. ಈ ದೃಷ್ಟಿಯಿಂದ ಸ್ವರಾತ್ಮದ 2009ರ ಮೊದಲ ಆಲ್ಬಮ್ಮಿನಲ್ಲಿರುವ ‘ಈ ಭೂಮಿ’ ಹಾಡಿಗೆ ಈವರೆಗೆ ಸಿಕ್ಕದ ಮಹತ್ವ ಸಿಗಬೇಕು. ಅದು ಸಂತನ ಹೆಸರಿನ ಆಸರೆಯಿಲ್ಲದೆ ನಿಂತ ಕನ್ನಡ. ‘ಪ್ಯಾರ್ ಕೆ ರಂಗ್’, ‘ಯೇಶು ಅಲ್ಲಾ ಔರ್ ಕೃಷ್ಣ’ದಂಥ ಹಿಂದಿ ಹಾಡುಗಳ ಪಕ್ಕದಲ್ಲಿ ಅದಕ್ಕೆ ಅತಿಥಿಯ ಸ್ಥಾನವಲ್ಲ, ಸಮಾನ ಸ್ಥಾನವಿದೆ. ವೇದಿಕೆಯ ಮೇಲೆ ಕೀಲುಕುದುರೆ ಕಟ್ಟಿಕೊಂಡು ಬರುವ ವಾಸು ಅವರ ಆಟವನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಿದವರಿದ್ದಾರೆ. ಜಾತ್ರೆಯ ಆ ಕುದುರೆ ರಾಜಕೀಯ ವಿಡಂಬನೆಗೆ ವಾಹನವಾದದ್ದನ್ನು ಅವರು ಗಮನಿಸಿದಂತಿಲ್ಲ. ಇಷ್ಟಾದರೂ ಎರಡನೆಯ ಆಲ್ಬಮ್ಮಿನ ಹೊತ್ತಿಗೆ ತಂಡದ ಹರಿತವಾದ ಮಾತುಗಳು, ಸುದ್ದಿವಾಹಿನಿಗಳ ಬಗೆಗಿನ ಕಟಕಿ ಮತ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತ ‘ಘುಮ್’, ಹಿಂದಿಯಲ್ಲೇ ಬಂದವು. ಲೊಯ್ ಮೆಂಡೊನ್ಸಾ ಅವರ ನಿರ್ಮಾಣ ಆ ಆಲ್ಬಮ್ಮಿಗೆ ಒಳ್ಳೆಯ ಹೊಳಪು ಕೊಟ್ಟಿದೆ. ಆ ಹೊಳಪಿನಲ್ಲಿ ಕನ್ನಡ ಹಿಂದೆ ಸರಿದದ್ದು ಕಂಪನಿಯ ಆಜ್ಞೆಯಿಂದ ಎನ್ನಲು ಆಧಾರ ಬೇಡ. ಯಾರಿಗಾಗಿ ಮುದ್ರಿಸುತ್ತಿದ್ದೇವೆ ಎಂಬ ಅರಿವೇ ಅಷ್ಟು ಕೆಲಸ ಮಾಡಬಲ್ಲದು.

ಇಲ್ಲಿ ಎರಡು ಭಾಷೆ ಬಲ್ಲವರಿಗೆ ತಟ್ಟನೆ ಹೊಳೆಯುವ ಒಂದು ಪದವಿಚಾರವಿದೆ. ವಚನದ ಅಥವಾ ತತ್ವಪದದ ಕೊನೆಗೆ ಬರುವ ಹೆಸರನ್ನು ಕನ್ನಡದಲ್ಲಿ ಅಂಕಿತ ಎನ್ನುತ್ತೇವೆ, ಮುದ್ರಿಕೆ ಎಂದೂ ಕರೆಯುತ್ತೇವೆ. ಕಾಗದಕ್ಕೆ ಸಹಿ ಹಾಕುವುದೂ ಅಂಕಿತ ಹಾಕುವುದೇ. ಮರಾಠಿಯಲ್ಲಿ ಅಭಂಗದ ಹೆಸರಿಗೆ ‘ನಾಮಮುದ್ರಾ’ ಎನ್ನುವ ವಾಡಿಕೆ. ‘ಅಂಕಿತ’ ಎಂದರೆ ಅಲ್ಲಿ ಒಬ್ಬರ ಅಧೀನನಾದವನು, ಅವರ ಮಾತಿಗೆ ಕಟ್ಟುಬಿದ್ದವನು ಎಂಬ ಅರ್ಥ ಬಲವಾಗಿದೆ. ಧ್ವನಿಮುದ್ರಣವೆಂಬ ಶಬ್ದವಂತೂ ಎರಡೂ ಭಾಷೆಗಳಲ್ಲಿ ಒಂದೇ. ಕಂಪನಿಯ ಕರಾರಿಗೆ ಅಂಕಿತ ಹಾಕಿದ ತಂಡ ಕನ್ನಡದ ಅರ್ಥದಲ್ಲಿ ಸಹಿ ಮಾಡಿ, ಮರಾಠಿಯ ಅರ್ಥದಲ್ಲಿ ಅಂಕಿತವಾಗುತ್ತದೆ. ಇದು ಶಬ್ದಚಮತ್ಕಾರವಾಗಿಯೇ ಉಳಿಯಬೇಕಾಗಿಲ್ಲ. ಸೊಲ್ಲಾಪುರದ ಸಿದ್ಧರಾಮನ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ ಏನು ಮಾಡುತ್ತದೆಂಬುದನ್ನು ನೋಡಬಹುದು. ಅದು ವಚನ ಯಾರದೆಂದು ತಿಳಿಸುತ್ತದೆ. ಆ ವಚನವನ್ನು ಯಾರು ಹಾಡಬಾರದೆಂದು ಹೇಳುವುದಿಲ್ಲ. ಹೆಸರಿನ ಹಕ್ಕನ್ನು ಉಳಿಸಿಕೊಂಡು ಬಳಕೆಯ ಹಕ್ಕನ್ನು ಬಿಟ್ಟುಕೊಡುವ ವ್ಯವಸ್ಥೆ ಅದು. ಅಂಕಿತವೂ ದೇವರದ್ದಾದ್ದರಿಂದ ಹೆಸರಿನ ಮೇಲಿನ ಹಕ್ಕೂ ಅರ್ಧ ಬಿಟ್ಟುಕೊಟ್ಟದ್ದೇ. ಕಂಪನಿಯ ಕರಾರು ಇದರ ವಿಲೋಮ. ಹೆಸರು ಹೊದಿಕೆಯ ಮೇಲೆ ಅಚ್ಚಾಗುತ್ತದೆ, ಬಳಕೆಯ ಹಕ್ಕು ಹೊರಟುಹೋಗುತ್ತದೆ.

ಧ್ವನಿಮುದ್ರಣದ ಆರಂಭದಲ್ಲಿ ಇವೆರಡೂ ಒಂದಕ್ಕೊಂದು ತಾಗಿಕೊಂಡಿದ್ದವು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ, ಹಾಡಿನ ಕೊನೆಗೆ ಗಾಯಕಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಮುದ್ರಣ ಯಾರದೆಂದು ತಿಳಿಯಲು ಅದು ಬೇಕಿತ್ತು. ಕಾರ್ಖಾನೆಯ ಅನುಕೂಲಕ್ಕಾಗಿ ಹುಟ್ಟಿದ ಅಂಕಿತ ಅದು. ಮೂರೂವರೆ ನಿಮಿಷದ ತಟ್ಟೆಯಲ್ಲಿ ಕೆಲವು ಕ್ಷಣಗಳನ್ನು ಅದಕ್ಕಾಗಿ ಮೀಸಲಿಡಬೇಕಾಗುತ್ತಿತ್ತು. 1908ರಲ್ಲಿ ಕಲಕತ್ತೆಯಲ್ಲೇ ಕಾರ್ಖಾನೆ ತೆರೆದ ನಂತರ ಆ ಅಗತ್ಯ ಕಡಿಮೆಯಾಯಿತು, ಹೆಸರು ಗಾಯಕರ ಬಾಯಿಂದ ತಟ್ಟೆಯ ನಡುವಿನ ಚೀಟಿಗೆ ಇಳಿಯಿತು. ಚೀಟಿಯ ಮೇಲಿನ ಹೆಸರು ಕಂಪನಿಯ ಕೈಯಲ್ಲಿ ಏನಾಗಬಹುದೆಂಬುದಕ್ಕೆ ಹುಬ್ಬಳ್ಳಿಯ ಉದಾಹರಣೆ ಪ್ರಸಿದ್ಧ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಎಚ್‌ಎಂವಿ ತಟ್ಟೆಗಳಲ್ಲಿ ಅಚ್ಚಾದದ್ದು ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರು. ಆ ಮುದ್ರಿಕೆಗಳಲ್ಲಿ ಮರಾಠಿ ಗೀತೆಗಳೂ ಇದ್ದವು.

ಎಚ್‌ಎಂವಿಯ ವಿಷಯದಲ್ಲಿ ಕಂಪನಿಯ ಪರವಾಗಿಯೂ ಹೇಳಬೇಕಾದದ್ದಿದೆ. ಕಂಪನಿಗಳು ಶೋಷಿಸುತ್ತವೆ, ಸ್ವತಂತ್ರ ಪ್ರಕಟಣೆ ಬಿಡುಗಡೆ ಕೊಡುತ್ತದೆ ಎಂಬ ವಾದ ಇಂದು ರೂಢಿಯಾಗಿದೆ. ಅದು ಅರ್ಧ ಸತ್ಯ. ಗದಗಿನ ಭೀಮಸೇನ ಜೋಶಿ ದಾಸವಾಣಿಯನ್ನೂ ಸಂತವಾಣಿಯನ್ನೂ ಹಾಡಿದರು. ಕನ್ನಡದ ಪದವೂ ಮರಾಠಿ ಅಭಂಗವೂ ಒಂದೇ ಕಂಠದಿಂದ ಎರಡೂ ನಾಡಿನ ಮನೆಗಳನ್ನು ಸೇರಿದವು. ಪಂಢರಪುರ ಇರುವ ಜಿಲ್ಲೆಯಲ್ಲಿ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ರಾ. ಚಿಂ. ಢೇರೆಯವರು ವಿಠ್ಠಲನ ಕರ್ನಾಟಕ ಮೂಲದ ಬಗ್ಗೆ ಪುಟಗಟ್ಟಲೆ ಬರೆದದ್ದನ್ನು ಸಾಮಾನ್ಯ ಕೇಳುಗ ಆ ಮುದ್ರಿಕೆಗಳ ಮೂಲಕ ಕಿವಿಯಿಂದಲೇ ತಿಳಿದುಕೊಂಡ ಎಂದರೂ ನಡೆದೀತು. ಆ ಧ್ವನಿಗಳು ಇಂದಿಗೂ ದೊರೆಯುವುದಕ್ಕೆ ಒಂದು ನೀರಸ ಕಾರಣವಿದೆ. ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಆರ್‌ಪಿಜಿ ಸಮೂಹದ ವಶವಾಯಿತು, 2000ದಲ್ಲಿ ಸಾರೆಗಮ ಎಂದು ಹೆಸರು ಬದಲಿಸಿಕೊಂಡಿತು. ಆದರೆ ಪಟ್ಟಿ ಮುರಿಯಲಿಲ್ಲ. ಮೂಲಮುದ್ರಣ, ಅದರ ಕ್ರಮಸಂಖ್ಯೆ, ಅದರ ಹಕ್ಕು ಈ ಮೂರೂ ಒಂದೇ ವಾರಸುದಾರನ ಬಳಿ ಉಳಿದವು. ನಮ್ಮ ದೇಶದಲ್ಲಿ 1954ರ ಗ್ರಂಥ ಒಪ್ಪಿಸುವ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕದ ಪ್ರತಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಆ ಕಾಯ್ದೆ ಧ್ವನಿಮುದ್ರಣವನ್ನು ಮುಟ್ಟುವುದಿಲ್ಲ. ಹೀಗಾಗಿ ಹಾಡಿನ ಮಟ್ಟಿಗೆ ಪ್ರಕಾಶಕನೇ ಗ್ರಂಥಪಾಲಕ. ಪ್ರಕಾಶಕ ಕಣ್ಮರೆಯಾದರೆ ಗ್ರಂಥಾಲಯವೂ ಕಣ್ಮರೆ.

ಈ ಮಾತಿನ ಪೂರ್ಣ ಭಾರ ತಿಳಿಯಬೇಕಾದರೆ ದೊಡ್ಡ ಕಂಪನಿಗಳನ್ನು ಬಿಟ್ಟು ಕ್ಯಾಸೆಟ್ಟಿನ ಕಾಲಕ್ಕೆ ಹೋಗಬೇಕು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದಾಗ ಎಚ್‌ಎಂವಿಯ ಏಕಸ್ವಾಮ್ಯ ಒಡೆದು, ಊರೂರಿನ ಸಣ್ಣ ಕಂಪನಿಗಳು ಆಯಾ ನುಡಿಯ, ಆಯಾ ಜಾತ್ರೆಯ ಹಾಡು ಮುದ್ರಿಸತೊಡಗಿದವು. ಪೀಟರ್ ಮ್ಯಾನ್ಯುಯೆಲ್ ಅವರ 1993ರ ‘ಕ್ಯಾಸೆಟ್ ಕಲ್ಚರ್’ ಉತ್ತರ ಭಾರತದ ಮಟ್ಟಿಗೆ ಈ ಕಥೆಯನ್ನು ಹೇಳಿದೆ. ಕೃಷ್ಣೆ, ಭೀಮೆಗಳ ನಡುವಿನ ನಾಡಿಗೆ ಅಂಥ ಗ್ರಂಥ ಇನ್ನೂ ಬರಬೇಕಾಗಿದೆ. ಗೀಗೀಪದ, ಡೊಳ್ಳಿನ ಪದ, ತತ್ವಪದ, ದೊಡ್ಡಾಟದ ಹಾಡುಗಳು ಕ್ಯಾಸೆಟ್ಟಿಗೆ ಏರಿ ಜಾತ್ರೆಯ ಅಂಗಡಿಗಳಲ್ಲಿ ಮಾರಾಟವಾದವು. ಗಡಿಯ ಕನ್ನಡಕ್ಕೆ ಇದು ಅಪರೂಪದ ಗಳಿಗೆ. ಆಕಾಶವಾಣಿಯ ಶ್ರುತಿಪರೀಕ್ಷೆಯಾಗಲಿ ಬೆಂಗಳೂರಿನ ಉಚ್ಚಾರದ ಹಂಗಾಗಲಿ ಇಲ್ಲದೆ, ಮರಾಠಿ ಶಬ್ದಗಳು ಸಹಜವಾಗಿ ಬೆರೆತ ಅಕ್ಕಲಕೋಟ ಸೀಮೆಯ ಮಾತು ಹಾಗೆಯೇ ಮುದ್ರಿತವಾಗಬಹುದಾಯಿತು. ಅಕ್ಕಲಕೋಟದ ಸ್ವಾಮಿ ಸಮರ್ಥರ ಯಾತ್ರಿಕರಿಗಾಗಿ ಬಂದ ಮರಾಠಿ ಭಕ್ತಿಗೀತೆಗಳ ಮುದ್ರಣಗಳಿಗೆ ಮುಂಬಯಿ, ಪುಣೆಗಳ ದೊಡ್ಡ ಮಾರುಕಟ್ಟೆಯಿತ್ತು; ಅವು ಸಿಡಿಗೂ ದಾಟಿದವು, ಮೊಬೈಲಿಗೂ ದಾಟಿದವು. ಅದೇ ತಾಲೂಕಿನ ಕನ್ನಡ ಪದಗಳ ಕ್ಯಾಸೆಟ್ಟುಗಳು ಟೇಪಿನ ಮೇಲಿನ ಲೇಪ ಉದುರುವವರೆಗೆ ಬಾಳಿದವು.

ಅವನ್ನು ಈಗ ಉಳಿಸಿಕೊಳ್ಳಲು ಹೊರಟ ಸಂಶೋಧಕನಿಗೆ ಎದುರಾಗುವುದು ಕೃತಿಸ್ವಾಮ್ಯದ ಕಾಯ್ದೆ. 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1988ರಲ್ಲಿ ಬಂದ ಕ್ಯಾಸೆಟ್ಟು 2048ರ ಕೊನೆಯವರೆಗೆ ಯಾರದೋ ಸೊತ್ತು. ಅದರಲ್ಲಿರುವ ಪದ ಎರಡು ಶತಮಾನ ಹಳೆಯದಿರಬಹುದು, ಅದನ್ನು ಹಾಡಿದ ಮುದುಕ ತೀರಿಕೊಂಡಿರಬಹುದು, ಮುದ್ರಿಸಿದ ಅಂಗಡಿಯ ಜಾಗದಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಬಂದಿರಬಹುದು. ಹಕ್ಕು ಮಾತ್ರ ಜೀವಂತ. ಇಂಥ ಸಂದರ್ಭಕ್ಕಾಗಿಯೇ ಕಾಯ್ದೆಯಲ್ಲಿ 31ಎ ಎಂಬ ಕಲಮು ಇದೆ. ಒಡೆಯ ಪತ್ತೆಯಾಗದ ಕೃತಿಯನ್ನು ಪ್ರಕಟಿಸಲು ಅನುಮತಿ ಕೇಳಬಹುದು. ಅದಕ್ಕೂ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅನುವಾದಕ್ಕೆ ಅನುಮತಿ ಬೇಕಿದ್ದರೆ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕೆಂದು ಕಲಮು ಹೇಳುತ್ತದೆ. ಮೂಲವನ್ನೇ ಪ್ರಕಟಿಸುವುದಾದರೆ ಇಂಗ್ಲಿಷ್ ಸಾಕು. ದುಧನಿಯಲ್ಲೋ ವಾಗ್ದರಿಯಲ್ಲೋ ಇರಬಹುದಾದ ಕ್ಯಾಸೆಟ್ ವ್ಯಾಪಾರಿಯ ಮಗನನ್ನು ದಿಲ್ಲಿಯಲ್ಲಿ ಓದುವ ಇಂಗ್ಲಿಷ್ ಪತ್ರಿಕೆಯ ಮೂಲಕ ಹುಡುಕಬೇಕೆಂಬ ಈ ವಿಧಿಯಲ್ಲಿ ಯಾವ ದುರುದ್ದೇಶವೂ ಇಲ್ಲ. ಅದನ್ನು ಬರೆದವರ ಕಣ್ಣೆದುರು ಅಂಥ ಕ್ಯಾಸೆಟ್ಟು ಇರಲಿಲ್ಲ, ಅಷ್ಟೆ. 2021ರಲ್ಲಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿ ರದ್ದಾದ ನಂತರ ಅರ್ಜಿ ಹಿಡಿದು ನ್ಯಾಯಾಲಯಕ್ಕೇ ಹೋಗಬೇಕು. ಸಣ್ಣ ಸಂಶೋಧನ ಕೇಂದ್ರವೊಂದರ ವಾರ್ಷಿಕ ಅನುದಾನ ಒಂದು ಅರ್ಜಿಗೆ ಸಾಲದು.

ರಾಕ್ ತಂಡಗಳ ಸ್ಥಿತಿ ಇದಕ್ಕಿಂತ ಉತ್ತಮವೆ? ಕಾಯ್ದೆಯ ಮಟ್ಟಿಗೆ ಹೌದು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಗೀತರಚನಕಾರರಿಗೂ ಸ್ವರಸಂಯೋಜಕರಿಗೂ ಕರಾರಿನಲ್ಲಿ ಬಿಟ್ಟುಕೊಡಲಾಗದ ಗೌರವಧನದ ಪಾಲನ್ನು ಕೊಟ್ಟಿತು. ಹಾಡಿದವರು, ನುಡಿಸಿದವರು ತಮ್ಮ ಹೆಸರು ನಮೂದಾಗಬೇಕೆಂದು ಕೇಳುವ ಹಕ್ಕನ್ನೂ ಅದು ಒಪ್ಪಿತು. ಅಂಕಿತದ ತತ್ವಕ್ಕೆ ಕಾಯ್ದೆ ಅಷ್ಟರಮಟ್ಟಿಗೆ ಹತ್ತಿರ ಬಂದಿದೆ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ತಿಳಿಯಬೇಕು ಎಂಬ ನಿಯಮ ಮೊದಲಿನಿಂದ ಇದೆ. ಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಮರಳುತ್ತದೆ ಎಂಬ ನಿಯಮವೂ ಇದೆ. ಆದರೆ ಆ ಸಾಲಿಗೇ ‘ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ’ ಎಂಬ ಬಾಲವಿದೆ, ವಕೀಲರಿಟ್ಟುಕೊಂಡ ಯಾವ ಕಂಪನಿಯೂ ಬೇರೆ ರೀತಿ ಹೇಳದೆ ಬಿಡುವುದಿಲ್ಲ. ಶರೀಫರ ಪದದ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. 1889ರಲ್ಲಿ ತೀರಿಕೊಂಡವರ ಪದಕ್ಕೆ ಹಕ್ಕುದಾರನಿಲ್ಲ. ಹೀಗಾಗಿ ಮುದ್ರಣದಲ್ಲಿ ಗೀತರಚನೆಯ ಪಾಲು ಯಾರಿಗೂ ಸಲ್ಲುವುದಿಲ್ಲ, ಆ ಪದವನ್ನು ಬಾಯಿಂದ ಬಾಯಿಗೆ ಕಾಪಾಡಿ ತಂದ ಮೇಳಗಳಿಗಂತೂ ಸಲ್ಲುವುದೇ ಇಲ್ಲ. ತಂಡ ಅವರಿಂದ ಕಸಿದುಕೊಂಡಿತು ಎನ್ನಲಾಗದು, ಏಕೆಂದರೆ ಪದ ಎಂದೂ ಅವರ ಸೊತ್ತಾಗಿರಲಿಲ್ಲ. ಕೃತಿಗೆ ಕರ್ತೃವನ್ನು ಕಾಣುವ ಕಾಯ್ದೆಗೆ ಪಾಲಕನನ್ನು ಕಾಣುವ ಕಣ್ಣಿಲ್ಲ.

ಗಡಿ ದಾಟುವ ಹಕ್ಕಿನ ಬಗ್ಗೆ ಮಾತಾಡುವಾಗ ‘ಸೈರಾಟ್’ ನೆನಪಾಗದೆ ಇರದು. ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನಿಂದ ಬಂದ ನಾಗರಾಜ ಮಂಜುಳೆಯವರ ಆ ಚಿತ್ರಕ್ಕೆ ಅಜಯ್-ಅತುಲ್ ಅವರ ವಾದ್ಯವೃಂದ ಲಾಸ್ ಏಂಜಲಿಸ್‌ನಲ್ಲಿ ಮುದ್ರಣಗೊಂಡಿತು. 2016ರ ಚಿತ್ರ 2017ರಲ್ಲಿ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂತು, ಧಾಟಿಗಳೂ ಜೊತೆಗೆ ಬಂದವು. ಹಕ್ಕಿನ ದಾಖಲೆ ಇದ್ದದ್ದರಿಂದ ಧಾಟಿ ಒಂದೇ ವರ್ಷದಲ್ಲಿ ಗಡಿ ದಾಟಿತು. ಜೇವೂರು ಎಂಬ ಹೆಸರಿನ ಇನ್ನೊಂದು ಊರು ಅಕ್ಕಲಕೋಟ ತಾಲೂಕಿನಲ್ಲಿದೆ, ಅಲ್ಲಿಯ ಬಳಕೆಯ ನುಡಿ ಕನ್ನಡವೇ. ಸೊಲ್ಲಾಪುರ ಜಿಲ್ಲೆಯ ಹಾಡು ಲಾಸ್ ಏಂಜಲಿಸ್ ಮುಟ್ಟಿ ಬೆಂಗಳೂರಿಗೆ ಕನ್ನಡವಾಗಿ ಬಂದ ದಾರಿಗಿಂತ, ಆ ಜಿಲ್ಲೆಯ ಕನ್ನಡ ಹಾಡು ಬೆಂಗಳೂರು ಮುಟ್ಟಬೇಕಾದ ದಾರಿ ದೂರದ್ದಾಗಿ ಪರಿಣಮಿಸಿರುವುದನ್ನು ತೌಲನಿಕ ಸಾಹಿತ್ಯದವರು ತಮ್ಮ ಅನುವಾದ ತರಗತಿಗಳಲ್ಲಿ ಚರ್ಚೆಗೆ ಎತ್ತಿಕೊಳ್ಳಬಹುದು.

ಈಗ ಕಂಪನಿಯ ಜಾಗಕ್ಕೆ ಹಂಚಿಕೆದಾರರೂ ಆಪ್‌ಗಳೂ ಬಂದಿವೆ. ತಂಡ ತನ್ನ ಹಾಡನ್ನು ತಾನೇ ಏರಿಸಬಹುದು, ಒಡೆತನ ಉಳಿಸಿಕೊಳ್ಳಬಹುದು. ಈ ಬಿಡುಗಡೆಯನ್ನು ಕಡೆಗಣಿಸಬಾರದು. ಆದರೆ ವಾರ್ಷಿಕ ಶುಲ್ಕ ಕಟ್ಟಿಸಿಕೊಳ್ಳುವ ಹಂಚಿಕೆದಾರರಲ್ಲಿ ಶುಲ್ಕ ನಿಂತ ವರ್ಷ ಹಾಡೂ ಇಳಿಯಬಹುದು. ಎಚ್‌ಎಂವಿಯ ತಟ್ಟೆ ಕಂಪನಿಗೆ ಬೇಡವಾದ ಮೇಲೂ ಮನೆಯ ಅಟ್ಟದಲ್ಲಿ ಉಳಿದಿರುತ್ತಿತ್ತು. ತಂಡವೊಂದು ಚದುರಿದ ಹತ್ತು ವರ್ಷಗಳ ಬಳಿಕ ಅದರ ಹಾಡು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಅಟ್ಟ ಉತ್ತರವಾಗುವ ಕಾಲ ಮುಗಿದಿದೆ. 1982ರಲ್ಲಿ ಆರಂಭವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಧ್ವನಿಸಂಗ್ರಹದಂಥ ಕೇಂದ್ರಗಳು ಸಂಶೋಧಕರ ಕ್ಷೇತ್ರಮುದ್ರಣಗಳನ್ನು ಠೇವಣಿಯಾಗಿ ಪಡೆಯುತ್ತವೆ. ಹಕ್ಕು ಕೊಟ್ಟವರಲ್ಲೇ ಉಳಿದು ಪ್ರತಿ ಸಂಗ್ರಹದಲ್ಲಿ ಭದ್ರವಾಗಿರುವ ಕ್ರಮ ಅದು. ಇದೇ ಕ್ರಮವನ್ನು ಗಡಿನಾಡಿನ ಭಜನಾಮೇಳಕ್ಕೂ ಬೆಂಗಳೂರಿನ ರಾಕ್ ತಂಡಕ್ಕೂ ಒಟ್ಟಿಗೆ ಅನ್ವಯಿಸಲು ಅಡ್ಡಿಯೇನಿಲ್ಲ. ಕರಾರು ಯಾರೊಂದಿಗಾದರೂ ಇರಲಿ, ಮೂಲಮುದ್ರಣದ ಒಂದು ಪ್ರತಿ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಹೋಗತಕ್ಕದ್ದು ಎಂಬ ಒಂದು ಸಾಲು ಕರಾರಿನಲ್ಲಿ ಸೇರಿದರೆ, ಕಂಪನಿ ಕೈಬದಲಾದ ಸುದ್ದಿ ಸಂಗೀತದ ಇತಿಹಾಸಕಾರನನ್ನು ಅಷ್ಟಾಗಿ ಕಾಡಲಾರದು. ಸೊಲ್ಲಾಪುರದ ವಿಶ್ವವಿದ್ಯಾಲಯಕ್ಕೆ ಇದು ಭಾಷಾವಾದದ ಪ್ರಶ್ನೆಯಾಗಿ ಕಾಣಬೇಕಾಗಿಯೂ ಇಲ್ಲ. ಜಿಲ್ಲೆಯ ಮರಾಠಿ ಶಾಹಿರರ ಮುದ್ರಣಗಳ ಪಾಡೂ ಕನ್ನಡದ್ದಕ್ಕಿಂತ ಬಹಳ ಬೇರೆಯಲ್ಲ.

ಹಾಡು ಏರಿಸುವ ನಮೂನೆಯಲ್ಲಿ ರಚನೆ ಯಾರದು, ಸಂಯೋಜನೆ ಯಾರದು, ಹಕ್ಕು ಯಾರದು ಎಂಬ ಅಂಕಣಗಳಿರುತ್ತವೆ. ಭಾಷೆ ಎಂಬ ಅಂಕಣದಲ್ಲಿ ಸಾಮಾನ್ಯವಾಗಿ ಒಂದೇ ಹೆಸರಿಗೆ ಅವಕಾಶ. ಅಕ್ಕಲಕೋಟ ತಾಲೂಕಿನ ಒಂದು ಮೇಳ ಏಕಾದಶಿಯ ರಾತ್ರಿ ತುಕಾರಾಮರ ಅಭಂಗದಿಂದ ಆರಂಭಿಸಿ, ಅದೇ ತಾಳದಲ್ಲಿ ನಿಲ್ಲಿಸದೆ ಮಡಿವಾಳಪ್ಪನ ಪದಕ್ಕೆ ಹೊರಳಿ, ಎರಡು ಅಂಕಿತಗಳನ್ನೂ ಹಾಡಿ ಮುಗಿಸುತ್ತದೆ. ಅದನ್ನು ಒಂದೇ ಮುದ್ರಣವಾಗಿ ಏರಿಸುವವನು ಆ ಅಂಕಣದಲ್ಲಿ ಮರಾಠಿ ಎಂದು ತುಂಬಿದರೆ ಕನ್ನಡದ ಕೇಳುಗನಿಗೆ ಅದು ಸಿಗುವುದಿಲ್ಲ, ಕನ್ನಡ ಎಂದು ತುಂಬಿದರೆ ಪಕ್ಕದ ಮನೆಯವನಿಗೆ ಸಿಗುವುದಿಲ್ಲ. ಸ್ವರಾತ್ಮದ ಮೊದಲ ಆಲ್ಬಮ್ಮನ್ನು ಯಾವ ಭಾಷೆಯ ಕೆಳಗೆ ಹುಡುಕಬೇಕೆಂಬ ಪ್ರಶ್ನೆಯೂ ಇದೇ.